ಮಡಿಕೇರಿಯ ಜೆಟ್ ಸುಳ್ಯಕ್ಕೆ ಆಗಲಿಲ್ಲ: ಆರ್‌ಎಕ್ಸ್ 100 ಕಾರ್ಬುರೇಟರ್ ಕೆಲಸದ ದಿನಚರಿ

ನಿನ್ನೆ ಸಂಜೆ ಸುಳ್ಯದಿಂದ ಮಡಿಕೇರಿಗೆ ಹತ್ತಿಕೊಂಡು ಬಂದೆ. ಗಾಡಿ ಎಲ್ಲಿಯೂ ಕೆಮ್ಮಲಿಲ್ಲ, ಎಲ್ಲಿಯೂ ನಿಲ್ಲಲಿಲ್ಲ. ಐವತ್ತು ಚಿಲ್ಲರೆ ಕಿಲೋಮೀಟರ್ ಬೈಕ್ ಓಡಿಸಿದ್ದು ಬರೆದಿಡುವಂಥ ಸಾಹಸವೇನಲ್ಲ. ಆದರೆ ಇಷ್ಟಕ್ಕೆ ನನಗೆ ಹತ್ತು ವಾರ, ಒಂದು ಪಿಸ್ಟನ್ ಮತ್ತು ಭಾವನ ಮುಂದೆ ಇದ್ದಬದ್ದ ಮರ್ಯಾದೆ ಖರ್ಚಾಗಿದೆ. ತೋಟದ ಲೆಕ್ಕದ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಅಂದಂದೇ ಗೀಚಿಕೊಂಡದ್ದನ್ನು ಇಲ್ಲಿ ಇಳಿಸುತ್ತಿದ್ದೇನೆ. ತಪ್ಪುಗಳನ್ನು ಅಳಿಸಿಲ್ಲ.

ಗಾಡಿ ಅಪ್ಪನದು, 1994ರ ಯಮಹಾ ಆರ್‌ಎಕ್ಸ್ 100. 98 ಸಿಸಿ, 50 ಮಿಲಿಮೀಟರ್ ಬೋರ್, 50 ಮಿಲಿಮೀಟರ್ ಸ್ಟ್ರೋಕ್, ನಾಲ್ಕು ಗೇರ್. ನನ್ನ ಕೈಗೆ ಬರುವ ಮೊದಲೇ ಒಬ್ಬರು ಸಿಲಿಂಡರಿನಿಂದ ಹೊಗೆ ಹೊರಹೋಗುವ ಕಿಂಡಿಯನ್ನು (ಎಕ್ಸಾಸ್ಟ್ ಪೋರ್ಟ್) ಮೇಲಕ್ಕೆ ಅರೆದು, ಹೊಟ್ಟೆ ಉಬ್ಬಿದ ಎಕ್ಸ್‌ಪ್ಯಾನ್ಷನ್ ಸೈಲೆನ್ಸರ್ ಹಾಕಿ, ಏರ್ ಫಿಲ್ಟರ್ ಡಬ್ಬಿಯನ್ನು ಎಸೆದು, ಆಯಿಲ್ ಪಂಪನ್ನೂ ಕಿತ್ತಿದ್ದರು. ಹಾಗಾಗಿ ಎಂಜಿನ್ನಿನ ಒಳಗೆ ಉಜ್ಜದಂತೆ ಕಾಯುವ ಟು ಟಿ ಆಯಿಲನ್ನು ಪೆಟ್ರೋಲಿಗೇ ಬೆರೆಸಿ ಸುರಿಯಬೇಕು. ಈ ಕೊನೆಯ ಸಂಗತಿಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಗಾಳಿಗೆ ಪೆಟ್ರೋಲ್ ಬೆರೆಸಿ ಎಂಜಿನ್ನಿಗೆ ಕೊಡುವುದು ಕಾರ್ಬುರೇಟರ್. ಮೂಲದ 20 ಮಿಲಿಮೀಟರಿನ ಮಿಕುನಿ ಕಾರ್ಬುರೇಟರಿನ ಸ್ಲೈಡ್, ಅಂದರೆ ಆಕ್ಸಿಲರೇಟರ್ ತಿರುಗಿಸಿದಾಗ ಏರಿ ಗಾಳಿಗೆ ದಾರಿ ಬಿಡುವ ಬಾಗಿಲು, ಸವೆದು ಗಿಲಕಿಯಂತೆ ಅಲುಗಾಡುತ್ತಿತ್ತು. ಹೇಗೂ ಬದಲಿಸಬೇಕು, ಗಾಳಿಯ ದಾರಿಯೂ ಹೊಗೆಯ ದಾರಿಯೂ ಅಗಲವಾಗಿವೆ, ಹಾಗಾದರೆ 24 ಮಿಲಿಮೀಟರಿನದು ಹಾಕೋಣ ಎಂದುಕೊಂಡೆ. 28 ಹಾಕು ಎಂದವರು ಇದ್ದರು. ನೂರು ಸಿಸಿಗೆ 28 ಹಾಕಿದರೆ ಕೆಳಗಿನ ಗೇರುಗಳಲ್ಲಿ ಗಾಡಿ ಸತ್ತಂತಿರುತ್ತದೆ. ಕೊಡಗಿನ ತಿರುವುಗಳಲ್ಲಿ ನಾವು ಇರುವುದೇ ಕೆಳಗಿನ ಗೇರುಗಳಲ್ಲಿ.

ಅಕ್ಟೋಬರ್ 5

ವಿಎಂ24 ಮಾದರಿಯ ನಕಲು ಕಾರ್ಬುರೇಟರ್, 1,900 ರೂಪಾಯಿ. ಒಳಗೆ ಮೇನ್ ಜೆಟ್ 150, ಪೈಲಟ್ ಜೆಟ್ 30. ಜೆಟ್ ಎಂದರೆ ಪೆಟ್ರೋಲ್ ಹರಿಯುವ ತೂತಿರುವ ಸಣ್ಣ ಹಿತ್ತಾಳೆ ತುಣುಕು, ನಂಬರ್ ದೊಡ್ಡದಾದಷ್ಟು ಪೆಟ್ರೋಲ್ ಹೆಚ್ಚು. ಸ್ಲೈಡಿನ ಜೊತೆ ಏರಿಳಿಯುವ ಸೂಜಿಯ (ನೀಡಲ್) ಕ್ಲಿಪ್ ಐದು ಕಚ್ಚುಗಳಲ್ಲಿ ಮೂರನೆಯದರಲ್ಲಿ. ಜೊತೆಗೆ ಅದೇ ಅಂಗಡಿಯಿಂದ ಆರು ಮೇನ್ ಜೆಟ್‌ಗಳ ಒಂದು ಪೊಟ್ಟಣ, 300 ರೂಪಾಯಿ. ಒಂದಕ್ಕೆ ಐವತ್ತು ಬಿತ್ತು. ಅಗ್ಗವಾಯಿತೆಂದು ಖುಷಿಪಟ್ಟದ್ದನ್ನೂ ಪುಸ್ತಕದಲ್ಲಿ ಬರೆದಿದ್ದೇನೆ, ಈಗ ಓದಿದರೆ ಕೈ ಹಿಸುಕಿಕೊಳ್ಳುವಂತಾಗುತ್ತದೆ.

ಕಾರ್ಬುರೇಟರನ್ನು ಎಂಜಿನ್ನಿಗೆ ಜೋಡಿಸುವ ಹಳೆಯ ರಬ್ಬರ್ ಮ್ಯಾನಿಫೋಲ್ಡಿಗೆ ಹೊಸ ಕಾರ್ಬುರೇಟರಿನ ಮೂತಿ ಕೂರಲಿಲ್ಲ. ಲೇತಿನವರಲ್ಲಿ ಅಲ್ಯೂಮಿನಿಯಂ ಅಡಾಪ್ಟರ್ ಕಡೆಸಿದೆ, 400 ರೂಪಾಯಿ. ಕಾರ್ಬುರೇಟರಿನ ತಳದಲ್ಲಿ ಪೆಟ್ರೋಲ್ ನಿಲ್ಲುವ ಬಟ್ಟಲಿನ (ಫ್ಲೋಟ್ ಬೌಲ್) ನಾಲ್ಕು ಸ್ಟಾರ್ ಸ್ಕ್ರೂಗಳಲ್ಲಿ ಎರಡರ ತಲೆ ಮೊದಲ ದಿನವೇ ಸವೆದುಹೋಯಿತು. ಜೆಟ್ ಆರಿಸುವುದೆಂದರೆ ಬೌಲನ್ನು ಇಪ್ಪತ್ತು ಮೂವತ್ತು ಸಲ ಬಿಚ್ಚಿ ಹಾಕುವುದು. ಅದಕ್ಕೆ ಸ್ಟಾರ್ ಸ್ಕ್ರೂ ತಾಳುವುದಿಲ್ಲ. ಅದೇ ಅಳತೆಯ ಅಲೆನ್ ಸ್ಕ್ರೂ ನಾಲ್ಕು, 40 ರೂಪಾಯಿ. ಇಡೀ ಕೆಲಸದಲ್ಲಿ ಅತ್ಯಂತ ಸಾರ್ಥಕವಾದ ನಲವತ್ತು ರೂಪಾಯಿ ಅದೇ.

ಆಕ್ಸಿಲರೇಟರ್ ಹಿಡಿಯ ಮೇಲೆ ಬಿಳಿ ಟೇಪು ಸುತ್ತಿ ಕಾಲು, ಅರ್ಧ, ಮುಕ್ಕಾಲು, ಪೂರ್ತಿ ಎಂದು ಗೆರೆ ಹಾಕಿದೆ. ಗಾಡಿ ತಡವರಿಸಿದಾಗ ಕೈ ಎಲ್ಲಿತ್ತು ಎಂದು ಗೊತ್ತಾಗದಿದ್ದರೆ ಯಾವ ಭಾಗವನ್ನು ಮುಟ್ಟಬೇಕೆಂದೂ ಗೊತ್ತಾಗುವುದಿಲ್ಲ. ಹಿಡಿ ಮುಚ್ಚಿದ್ದಾಗಿನಿಂದ ಕಾಲು ತೆರೆಯುವವರೆಗೆ ಪೈಲಟ್ ಜೆಟ್, ಅದಕ್ಕೆ ಗಾಳಿ ಹೊಂದಿಸುವ ಏರ್ ಸ್ಕ್ರೂ ಮತ್ತು ಸ್ಲೈಡಿನ ಕೆಳಗಿನ ಅಂಚಿನ ಕೊರೆತ. ಕಾಲಿನಿಂದ ಮುಕ್ಕಾಲಿನವರೆಗೆ ನೀಡಲ್. ಅಲ್ಲಿಂದ ಮೇಲೆ ಮೇನ್ ಜೆಟ್.

ಅಕ್ಟೋಬರ್ 8ರಿಂದ 11

ಮೂರು ಸಂಜೆ ವ್ಯರ್ಥ. ಗಾಡಿ ಸ್ಟಾರ್ಟ್ ಆಗುತ್ತದೆ, ಆದರೆ ಐಡಲ್, ಅಂದರೆ ಹಿಡಿ ಮುಚ್ಚಿದಾಗಿನ ಮೆಲ್ಲನೆಯ ಓಟ, ಕೂರುವುದಿಲ್ಲ. ಹಿಡಿ ತಿರುಗಿಸಿ ಬಿಟ್ಟರೆ ಎಂಜಿನ್ ಮೇಲೆಯೇ ತೂಗಾಡಿ ನಿಧಾನವಾಗಿ ಇಳಿಯುತ್ತದೆ. ಪೆಟ್ರೋಲ್ ಸಾಲದೆಂದು 30ರ ಪೈಲಟ್ ತೆಗೆದು 35 ಹಾಕಿದೆ. ಕಾದಾಗ ತೂಗಾಟ ಉಳಿಯಿತು, ತಣ್ಣಗಿದ್ದಾಗ ಪ್ಲಗ್ ನೆನೆಯಿತು. ಒಂದೇ ಜೆಟ್ಟಿನಲ್ಲಿ ಪೆಟ್ರೋಲ್ ಹೆಚ್ಚೂ ಆಗುತ್ತದೆ, ಕಡಿಮೆಯೂ ಆಗುತ್ತದೆ ಎಂದರೆ ತಪ್ಪು ಜೆಟ್ಟಿನದಲ್ಲ ಎಂದು ಮೊದಲ ಸಂಜೆಯೇ ಹೊಳೆಯಬೇಕಿತ್ತು.

ನಾಲ್ಕನೆಯ ದಿನ ನಮ್ಮೂರಿನ ಮೆಕ್ಯಾನಿಕ್ ಬಂದರು. ಮೂವತ್ತು ವರ್ಷದಿಂದ ಇಂಥ ಗಾಡಿಗಳನ್ನೇ ನೋಡಿದವರು. ಮಾತಾಡದೆ ಕಾರ್ಬುರೇಟರ್ ಕ್ಲೀನರ್ ಡಬ್ಬಿ ತೆಗೆದುಕೊಂಡು ಅಡಾಪ್ಟರಿನ ಸುತ್ತ ಚಿಮುಕಿಸಿದರು. ಎಂಜಿನ್ ಸದ್ದು ಒಮ್ಮೆಲೇ ಬದಲಾಯಿತು. ‘ಗಾಳಿ ಇಲ್ಲಿಂದ ಕುಡಿಯುತ್ತಿದೆ, ನೀವು ಅಲ್ಲಿ ಜೆಟ್ ಬದಲಿಸುತ್ತಿದ್ದೀರಿ’ ಎಂದು ಹೇಳಿ ಕಾಫಿ ಕುಡಿದು ಹೋದರು.

ಅಡಾಪ್ಟರ್ ಬಿಚ್ಚಿ ಕನ್ನಡಿಯ ಮೇಲೆ ಇಟ್ಟು ನೋಡಿದರೆ ಒಂದು ಮೂಲೆಯಲ್ಲಿ ಕಾಗದ ತೂರುವಷ್ಟು ಸಂದು. ಅದೇ ಕನ್ನಡಿಗೆ 400 ನಂಬರಿನ ನೀರುಕಾಗದ ಅಂಟಿಸಿ, ಎಂಟರ ಆಕಾರದಲ್ಲಿ ಅರ್ಧ ಗಂಟೆ ಉಜ್ಜಿದೆ. ಗ್ಯಾಸ್ಕೆಟ್ ಕಾಗದವನ್ನು ಕತ್ತರಿಸಿ ಹೊಸದು ಮಾಡಿದೆ. ಮತ್ತೆ ಚಿಮುಕಿಸಿದಾಗ ಸದ್ದು ಅಲುಗಲಿಲ್ಲ.

ಆಮೇಲೆ ಪೈಲಟ್ ಕೆಲಸ ಒಂದೇ ಸಂಜೆಯಲ್ಲಿ ಮುಗಿಯಿತು. ಈ ಕಾರ್ಬುರೇಟರಿನಲ್ಲಿ ಏರ್ ಸ್ಕ್ರೂ ಹೊರಕ್ಕೆ ತಿರುಗಿಸಿದರೆ ಗಾಳಿ ಹೆಚ್ಚು. 30ರಲ್ಲಿ ಸ್ಕ್ರೂ ಮೂರು ಸುತ್ತು ಹೊರಗೆ ಬಂದರೆ ಮಾತ್ರ ಎಂಜಿನ್ ಚೆನ್ನಾಗಿ ತಿರುಗುತ್ತಿತ್ತು, ಅಂದರೆ ಜೆಟ್ ದೊಡ್ಡದು. 22.5ರಲ್ಲಿ ಅರ್ಧ ಸುತ್ತಿಗೇ ನಿಂತಿತು, ಅಂದರೆ ಚಿಕ್ಕದು. 25ರಲ್ಲಿ ಒಂದೂವರೆ ಸುತ್ತು. ಒಂದರಿಂದ ಎರಡು ಸುತ್ತಿನೊಳಗೆ ಬಂದರೆ ಜೆಟ್ ಸರಿ. 25 ಉಳಿಯಿತು.

ಅಕ್ಟೋಬರ್ 18

ಹಿಂದಿನ ದಿನ ತುಲಾ ಸಂಕ್ರಮಣ, ತಲಕಾವೇರಿಯಿಂದ ಮನೆಯವರು ಬಂದು ಮಲಗಿದ್ದರು. ಬೆಳಗ್ಗೆ ಬೇಗ ಮೇನ್ ಜೆಟ್ ಕೆಲಸಕ್ಕೆ ಇಳಿದೆ.

ನಮ್ಮಲ್ಲಿ ಒಂದು ತೊಂದರೆ ಇದೆ. ಮೇನ್ ಜೆಟ್ ನೋಡಬೇಕಾದರೆ ಹಿಡಿಯನ್ನು ಪೂರ್ತಿ ತೆರೆದು ಕೆಲವು ಸೆಕೆಂಡ್ ಓಡಿಸಬೇಕು. ಮಡಿಕೇರಿಯ ಸುತ್ತ ಅಷ್ಟು ನೇರವಾದ ರಸ್ತೆ ಎಲ್ಲಿದೆ? ತೋಟದ ಏರು ಹಾದಿಯಲ್ಲಿ ಎರಡನೆಯ ಮತ್ತು ಮೂರನೆಯ ಗೇರಿನಲ್ಲಿ ಮುನ್ನೂರು ಮೀಟರ್ ಸಿಗುತ್ತದೆ. ಏರು ಎಂಜಿನ್ನಿನ ಮೇಲೆ ಭಾರ ಹಾಕುತ್ತದೆ, ಅದು ಒಳ್ಳೆಯದೇ. ಆದರೆ ಭಾರ ಬೀಳುವುದು ಹತ್ತು ಸೆಕೆಂಡ್ ಮಾತ್ರ. ಎಂಜಿನ್ ನಿಜವಾಗಿ ಕಾಯುವಷ್ಟು ಹೊತ್ತು ಅದಲ್ಲ.

150ರಲ್ಲಿ ಮುಕ್ಕಾಲಿನಿಂದ ಮೇಲೆ ಬಡಬಡ ಸದ್ದು, ಒಂದು ಬಿಟ್ಟು ಒಂದು ಬಾರಿ ಮಾತ್ರ ಬೆಂಕಿ ಹೊತ್ತಿಕೊಂಡಂತೆ. ಹಿಂದೆ ನೀಲಿ ಹೊಗೆ. 140ರಲ್ಲಿ ಅದೇ ಸ್ವಲ್ಪ ಕಡಿಮೆ. 130ರಲ್ಲಿ ಇನ್ನೂ ಕಡಿಮೆ, ಆದರೆ ತುದಿಯಲ್ಲಿ ಮಂಕು. ಅರ್ಧ ಹಿಡಿಯಲ್ಲಿ ಗೊಗ್ಗರು ದನಿ ಇತ್ತೆಂದು ಕ್ಲಿಪ್ಪನ್ನು ಒಂದು ಕಚ್ಚು ಮೇಲಕ್ಕೆ, ಎರಡನೆಯದಕ್ಕೆ ಹಾಕಿ ನೀಡಲ್ ಇಳಿಸಿ ಪೆಟ್ರೋಲ್ ಕಡಿಮೆ ಮಾಡಿದೆ. ಮಂಜು ಬಂದು ರಸ್ತೆ ಕಾಣದಾದಾಗ ನಿಲ್ಲಿಸಿದೆ.

ಅಕ್ಟೋಬರ್ 25

120. ಗಾಡಿಗೆ ಜೀವ ಬಂತು. 130ಕ್ಕೂ ಇದಕ್ಕೂ ಇರುವುದು ಒಂದೇ ಮೆಟ್ಟಿಲು, ಆದರೆ ಬೇರೆಯೇ ಎಂಜಿನ್ ಕೂರಿಸಿದಂತಿತ್ತು. ಮೂರನೆಯ ಗೇರಿನಲ್ಲಿ ಏರನ್ನು ಕಚ್ಚಿಕೊಂಡು ಹತ್ತಿತು, ಸದ್ದು ಬಿಗಿಯಾಗಿ ಗಾಜು ಸೀಳಿದಂತೆ. ‘ಇದೇ ಸರಿಯಾದ ಜೆಟ್’ ಎಂದು ಪುಸ್ತಕದಲ್ಲಿ ಎರಡು ಗೆರೆ ಎಳೆದು ಬರೆದಿದ್ದೇನೆ. ಒಂದೇ ಮೆಟ್ಟಿಲಿಗೆ ಇಷ್ಟು ವ್ಯತ್ಯಾಸ ಏಕೆ ಎಂದು ಕೇಳಿಕೊಳ್ಳಬೇಕಿತ್ತು. ಖುಷಿಯಲ್ಲಿದ್ದವನು ಪ್ರಶ್ನೆ ಕೇಳುವುದಿಲ್ಲ.

ಪ್ಲಗ್ ಬಿಚ್ಚಿ ನೋಡಿದೆ ಕೂಡ. ಪೆಟ್ರೋಲ್ ಹೆಚ್ಚಾದರೆ ಅದು ಕಪ್ಪಾಗುತ್ತದೆ, ಕಡಿಮೆಯಾದರೆ ಬಿಳುಪಾಗುತ್ತದೆ. ಹದವಾದ ಕಂದು ಬಣ್ಣ, ಹುರಿದ ಕಾಫಿ ಬೀಜದಂತೆ. ಆದರೆ ಬಿಚ್ಚಿದ್ದು ಎಲ್ಲಿ? ಏರಿನ ತುದಿಯಿಂದ ನಾಲ್ಕು ಕಿಲೋಮೀಟರ್ ನಿಧಾನವಾಗಿ ಓಡಿಸಿಕೊಂಡು ಬಂದು, ಅಂಗಳದಲ್ಲಿ ಎರಡು ನಿಮಿಷ ಐಡಲಿನಲ್ಲಿ ಬಿಟ್ಟು, ಆಮೇಲೆ. ನಾನು ಓದಿದ್ದು ಮೇನ್ ಜೆಟ್ಟಿನ ಬಣ್ಣವನ್ನಲ್ಲ, ಪೈಲಟ್ ಜೆಟ್ ಬಳಿದ ಬಣ್ಣವನ್ನು. ಇಡೀ ಕೆಲಸದ ದೊಡ್ಡ ತಪ್ಪು ಇದೇ.

ನವೆಂಬರ್ 2

ಅಕ್ಕನ ಮನೆ ಸುಳ್ಯದಲ್ಲಿ. ಗಾಡಿ ತೋರಿಸಬೇಕೆಂಬ ಹಂಬಲ. ಪೆಟ್ರೋಲಿಗೆ ಲೀಟರಿಗೆ 30 ಎಂಎಲ್ ಆಯಿಲ್ ಬೆರೆಸಿ ಬೆಳಗ್ಗೆ ಹತ್ತಕ್ಕೆ ಹೊರಟೆ. ತಾಳತ್ತಮನೆ, ಕಾಟಕೇರಿ, ಮದೆನಾಡು ದಾಟಿ ಜೋಡುಪಾಲದ ಇಳಿಜಾರಿನಲ್ಲಿ ಹಿಡಿ ಮುಚ್ಚಿ, ಗೇರಿನಲ್ಲಿಯೇ ಬಿಟ್ಟು, ಎಂಜಿನ್ನಿನಿಂದಲೇ ಬ್ರೇಕ್ ಹಿಡಿಸಿಕೊಂಡು ಇಳಿದೆ. ಅಪ್ಪ ಕಲಿಸಿದ ಕ್ರಮ ಅದು. ಅಪ್ಪ ಓಡಿಸುತ್ತಿದ್ದಾಗ ಗಾಡಿಯಲ್ಲಿ ಆಯಿಲ್ ಪಂಪ್ ಇತ್ತು. ಈಗ ಇಲ್ಲ. ಹಿಡಿ ಮುಚ್ಚಿದರೆ ಪೆಟ್ರೋಲ್ ನಿಲ್ಲುತ್ತದೆ, ಪೆಟ್ರೋಲ್ ನಿಂತರೆ ಅದರೊಳಗಿನ ಆಯಿಲೂ ನಿಲ್ಲುತ್ತದೆ, ಪಿಸ್ಟನ್ ಮಾತ್ರ ನಿಮಿಷಕ್ಕೆ ಸಾವಿರಾರು ಸಲ ಒಣಗೋಡೆ ಉಜ್ಜುತ್ತಿರುತ್ತದೆ. ಕೊಯನಾಡು ಬರುವ ತನಕ ಹೀಗೇ.

ಸಂಪಾಜೆ ದಾಟಿದ ಮೇಲೆ ರಸ್ತೆ ಬಿಡಿಸಿಕೊಳ್ಳುತ್ತದೆ. ಕಲ್ಲುಗುಂಡಿ ಕಳೆದು ಅರಂತೋಡಿನ ಕಡೆಗೆ ನಾಲ್ಕನೆಯ ಗೇರಿನಲ್ಲಿ ಹಿಡಿ ಪೂರ್ತಿ ತೆರೆದೆ. ಮುಕ್ಕಾಲು ನಿಮಿಷ ಓಡಿರಬಹುದು. ಸದ್ದು ಇನ್ನಷ್ಟು ತೀಕ್ಷ್ಣವಾಯಿತು, ಆಮೇಲೆ ಹಿಂದಿನಿಂದ ಹಗ್ಗ ಹಾಕಿ ಎಳೆದಂತೆ ಬಲ ಕುಸಿಯಿತು, ಹಿಂದಿನ ಚಕ್ರ ಕೀಚಲು ದನಿಯಲ್ಲಿ ಜಾರಿತು. ಎಡಗೈ ತಾನಾಗಿಯೇ ಕ್ಲಚ್ ಹಿಡಿದದ್ದರಿಂದ ಇದನ್ನು ಬರೆಯಲು ಉಳಿದಿದ್ದೇನೆ. ಬದಿಗೆ ತಂದು ನಿಲ್ಲಿಸಿದೆ. ಕಿಕ್ಕರ್ ಕಲ್ಲಿನಂತೆ ನಿಂತಿತ್ತು, ಪಿಸ್ಟನ್ ಸಿಲಿಂಡರಿನಲ್ಲಿ ಕಚ್ಚಿಕೊಂಡಿತ್ತು.

ಪ್ಲಗ್ ಬಿಚ್ಚಿದೆ. ಸುಣ್ಣದಷ್ಟು ಬಿಳುಪು, ತುದಿಯಲ್ಲಿ ಸಾಸಿವೆಗಿಂತ ಸಣ್ಣ ಬೂದು ಹನಿಗಳು. ಅದು ಪಿಸ್ಟನ್ನಿನ ಅಲ್ಯೂಮಿನಿಯಂ.

ನಲವತ್ತು ನಿಮಿಷ ಕಳೆದ ಮೇಲೆ ಕಿಕ್ಕರ್ ಬಿಡಿಸಿಕೊಂಡಿತು. ಚೋಕ್ ಅರ್ಧ ಎಳೆದು ಮೂವತ್ತರ ವೇಗದಲ್ಲಿ ಪೆರಾಜೆ ದಾಟಿ ಸುಳ್ಯ ಮುಟ್ಟಿದೆ. ಭಾವ ಗೇಟಿನಲ್ಲೇ ನಿಂತಿದ್ದರು. ‘ಡಬ್ಬಿಯಲ್ಲಿ ಕಲ್ಲು ಹಾಕಿ ಕುಲುಕಿದ ಹಾಗಿದೆಯಲ್ಲ, ಮಾರಾಯ’ ಎಂದರು. ಗಾಡಿ ವಾಪಸು ಬಂದದ್ದು ಅವರ ಪಿಕಪ್ಪಿನಲ್ಲಿ, ಅಡಿಕೆ ಚೀಲಗಳ ನಡುವೆ.

ನವೆಂಬರ್ 4ರಿಂದ 9

ಹೆಡ್ಡು, ಸಿಲಿಂಡರ್ ಬಿಚ್ಚಿದೆ. ಎಕ್ಸಾಸ್ಟ್ ಬದಿಯಲ್ಲಿ ಪಿಸ್ಟನ್ನಿನ ಮೈ ಉಜ್ಜಿ ರಿಂಗಿನ ಮೇಲೆ ಬಳಿದುಕೊಂಡಿತ್ತು. ಸಿಲಿಂಡರಿನಲ್ಲಿ ಉಗುರು ಸಿಕ್ಕಿಕೊಳ್ಳುವಷ್ಟು ಆಳದ ನಾಲ್ಕು ಗೀರು. ಸಿಲಿಂಡರನ್ನು ಕೊರೆದು ಅಗಲಿಸಿ ಅದಕ್ಕೆ ತಕ್ಕ ದೊಡ್ಡ ಪಿಸ್ಟನ್ ಹಾಕಬೇಕು. 0.25 ಮಿಲಿಮೀಟರ್ ಅಗಲಿಸಿದರೆ ಗೀರು ಹೋಗದು ಎಂದರು ಬೋರಿಂಗಿನವರು, 0.50ಕ್ಕೆ ಹೋಗಬೇಕಾಯಿತು. ಪಿಸ್ಟನ್ ಕಿಟ್ 1,350, ಬೋರಿಂಗ್ 450, ಗ್ಯಾಸ್ಕೆಟ್‌ಗಳು 120. ಒಟ್ಟು 1,920 ರೂಪಾಯಿ, ಐವತ್ತು ರೂಪಾಯಿಯ ಒಂದು ಹಿತ್ತಾಳೆ ತುಣುಕಿನ ಮೇಲೆ.

ಎತ್ತರವೇ ಕಾರಣ ಎಂದು ಮೊದಲು ಎಲ್ಲರ ಮುಂದೆ ಹೇಳಿಕೊಂಡು ತಿರುಗಿದೆ. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್, ಸುಳ್ಯ ಸುಮಾರು 100. ಕೆಳಗಿನ ಗಾಳಿ ಗಟ್ಟಿ, ಗಟ್ಟಿ ಗಾಳಿಗೆ ಹೆಚ್ಚು ಪೆಟ್ರೋಲ್ ಬೇಕು, ಸಾಲದಿದ್ದರೆ ಎಂಜಿನ್ ಅತಿಯಾಗಿ ಕಾಯುತ್ತದೆ. ಮಾತು ನಿಜ. ಆದರೆ ಕಾಗದದ ಮೇಲೆ ಲೆಕ್ಕ ಹಾಕಿದರೆ ಗಾಳಿಯ ಸಾಂದ್ರತೆಯಲ್ಲಿ ಸುಮಾರು ಶೇ 10ರ ವ್ಯತ್ಯಾಸ, ಜೆಟ್ಟಿನಲ್ಲಿ ಅದರ ಅರ್ಧ, ಶೇ 5. ಅಂದರೆ 120 ಇದ್ದದ್ದು 126 ಆಗಬೇಕು. ಸುಳ್ಯದ ಸೆಕೆಗೆ ಗಾಳಿ ಮತ್ತೆ ತೆಳುವಾಗುವುದರಿಂದ ಅದೂ ಪೂರ್ತಿ ಬೇಕಾಗುವುದಿಲ್ಲ. ಇಷ್ಟಕ್ಕೆ ಪಿಸ್ಟನ್ ಕರಗುವುದಿಲ್ಲ. ಇನ್ನೇನೋ ಇತ್ತು.

ನವೆಂಬರ್ 15

ಆ ‘ಇನ್ನೇನೋ’ ಸಿಕ್ಕಿತು.

ಮೈಸೂರಿಗೆ ಹೋದವರ ಕೈಯಲ್ಲಿ ಅಸಲಿ ಮಿಕುನಿ ಜೆಟ್ ನಾಲ್ಕು ತರಿಸಿದ್ದೆ: 100, 120, 130, 140. ಒಂದಕ್ಕೆ 220, ಒಟ್ಟು 880. ನಕಲಿ ಮತ್ತು ಅಸಲಿ 120ನ್ನು ಅಕ್ಕಪಕ್ಕ ಹಿಡಿದು ಕಿಟಕಿಯ ಬೆಳಕಿಗೆ ನೋಡಿದರೆ ನಕಲಿಯ ತೂತು ಸಣ್ಣದೆಂದು ಅನುಮಾನ, ಆದರೆ ಕಣ್ಣನ್ನು ನಂಬುವುದು ಹೇಗೆ? ಮಿಕುನಿಯ ಈ ಷಟ್ಕೋನ ಜೆಟ್ಟುಗಳ ನಂಬರ್ ಎಷ್ಟು ಹರಿಯುತ್ತದೆ ಎಂಬುದರ ಲೆಕ್ಕ. ಹಾಗಿದ್ದರೆ ಹರಿಸಿಯೇ ನೋಡೋಣ ಎಂದು ಔಷಧ ಅಂಗಡಿಯಿಂದ 60 ಎಂಎಲ್ ಸಿರಿಂಜ್ ತಂದೆ, 30 ರೂಪಾಯಿ. ಸಿರಿಂಜಿನ ಒತ್ತುಕಡ್ಡಿ ಕಿತ್ತು, ಮೂತಿಗೆ ಎರಡು ಅಂಗುಲ ಪೆಟ್ರೋಲ್ ಪೈಪ್ ಸಿಕ್ಕಿಸಿ, ಅದರ ಕೊನೆಗೆ ಜೆಟ್ ಬಿಗಿದು, ಶೆಡ್ಡಿನ ಕಂಬಕ್ಕೆ ನೆಟ್ಟಗೆ ಕಟ್ಟಿದೆ. 60ರ ಗೆರೆಯಿಂದ 10ರ ಗೆರೆಗೆ, 50 ಎಂಎಲ್ ಪೆಟ್ರೋಲ್ ಇಳಿಯಲು ಎಷ್ಟು ಸೆಕೆಂಡ್ ಎಂದು ಮೊಬೈಲಿನಲ್ಲಿ ನೋಡಿದೆ. ಪ್ರತಿ ಜೆಟ್ಟಿಗೆ ಮೂರು ಸಲ, ಸರಾಸರಿ. ಬಾಗಿಲು ತೆರೆದಿಟ್ಟು, ಒಲೆಯಿಂದ ದೂರ.

ಅಸಲಿ 100: 36.0 ಸೆಕೆಂಡ್. ಅಸಲಿ 120: 30.1. ಅಸಲಿ 130: 27.7. ಅಸಲಿ 140: 25.8. ನಂಬರಿಗೂ ಹೊತ್ತಿಗೂ ಚೆನ್ನಾಗಿ ತಾಳೆಯಾಯಿತು.

ಈಗ ಪೊಟ್ಟಣದವು. 140 ಎಂದು ಕೊರೆದದ್ದು 26.1, ಪರವಾಗಿಲ್ಲ. 130 ಎಂದು ಕೊರೆದದ್ದು 27.1, ಅಂದರೆ ನಿಜದಲ್ಲಿ 133ರ ಹತ್ತಿರ. 120 ಎಂದು ಕೊರೆದದ್ದು 32.2. ನಾಲ್ಕನೆಯ ಸಲವೂ ನೋಡಿದೆ, ಅದೇ. ಅದು 120 ಅಲ್ಲ, 112.

ನಾನು ಒಂದು ಮೆಟ್ಟಿಲು ಇಳಿದೆ ಎಂದುಕೊಂಡಿದ್ದೆ, ಇಳಿದದ್ದು ಎರಡು ಮೆಟ್ಟಿಲು. ಅಕ್ಟೋಬರ್ 25ರಂದು ಗಾಡಿಗೆ ಬಂದದ್ದು ಜೀವ ಅಲ್ಲ, ಜ್ವರ. ಟು ಸ್ಟ್ರೋಕ್ ಎಂಜಿನ್ ಸಾಯುವ ಮುನ್ನ ಬಹಳ ಚೆನ್ನಾಗಿ ಓಡುತ್ತದೆ ಎಂದು ಮೆಕ್ಯಾನಿಕ್ ಆಮೇಲೆ ಹೇಳಿದರು. ಮೊದಲೇ ಹೇಳಬಹುದಿತ್ತು. ನಾನು ಕೇಳಿರಲಿಲ್ಲ.

ಅದೇ ದಿನ ಇನ್ನೊಂದು ಮೂರ್ಖತನ. ಐವತ್ತು ರೂಪಾಯಿ ಏಕೆ ಹಾಳಾಗಬೇಕೆಂದು, ಗ್ಯಾಸ್ ವೆಲ್ಡಿಂಗ್ ಮೂತಿ ಬಿಡಿಸುವ ಗರಗಸದಂಥ ಸಣ್ಣ ತಂತಿಯಿಂದ ಆ 112ನ್ನು 120 ಮಾಡಲು ಹೊರಟೆ. ನಾಲ್ಕು ಎಳೆತಕ್ಕೆ ಹೊತ್ತು 28.2ಕ್ಕೆ ಬಂತು, ಅಂದರೆ 128. ಹಿತ್ತಾಳೆ ಬೆಣ್ಣೆಯಷ್ಟು ಮೆತ್ತಗೆ. ಧಾರೆಯೂ ನೇರವಾಗಿ ಬೀಳದೆ ಓರೆಯಾಗಿ ಚಿಮ್ಮಿತು. ಜೆಟ್ಟಿನೊಳಗೆ ತಂತಿ ತೂರಿಸಬಾರದು, ಕಸ ತೆಗೆಯಲೂ ಕೂಡ. ಗಾಳಿ ಹೊಡೆಯಬೇಕು, ಅಷ್ಟೇ.

ನವೆಂಬರ್ 22

ಹೊಸ ಪಿಸ್ಟನ್, ಅಸಲಿ 140, ಕ್ಲಿಪ್ ಮತ್ತೆ ಮೂರನೆಯ ಕಚ್ಚಿಗೆ. ಆಯಿಲ್ ಲೀಟರಿಗೆ 40 ಎಂಎಲ್. ಇಲ್ಲಿ ಒಂದು ಮಾತು: ಆಯಿಲ್ ಹೆಚ್ಚು ಬೆರೆಸಿದರೆ ಅದೇ ಜೆಟ್ಟಿನಿಂದ ಹರಿಯುವ ಪೆಟ್ರೋಲ್ ಅಷ್ಟರಮಟ್ಟಿಗೆ ಕಡಿಮೆಯಾಗುತ್ತದೆ. ಆಯಿಲ್ ಅಳತೆ ಬದಲಿಸಿದವರು ಜೆಟ್ಟನ್ನೂ ಮತ್ತೆ ನೋಡಲೇಬೇಕು. ಮೊದಲು ಆಯಿಲ್ ಅಳತೆ ಗೊತ್ತುಮಾಡಿಕೊಂಡು ಆಮೇಲೆ ಜೆಟ್ಟಿಗೆ ಕೈಹಾಕುವುದು ಸರಿಯಾದ ಕ್ರಮ, ನಾನು ಮಾಡಿದ್ದು ತಿರುಗುಮುರುಗು.

ಪೆಟ್ರೋಲಿನ ವಿಷಯವೂ ಇದೆ. ಹಳಬರು ಬಾಯಿಪಾಠವಾಗಿ ಹೇಳುವ ಜೆಟ್ ನಂಬರುಗಳೆಲ್ಲ ಹಳೆಯ ಪೆಟ್ರೋಲಿನವು. ಈಗ ಬಂಕಿನಲ್ಲಿ ಬರುವುದು ಶೇ 20 ಎಥನಾಲ್ ಸೇರಿದ ಇ20. ಅದೇ ಗಾಳಿಗೆ ಇದು ಸ್ವಲ್ಪ ಹೆಚ್ಚು ಬೇಕು. ನಮ್ಮ ತೇವಕ್ಕೆ ಅದು ನೀರನ್ನೂ ಹೀರುತ್ತದೆ: ಎರಡು ವಾರ ನಿಂತ ಗಾಡಿಯ ಬೌಲಿನ ತಳದಲ್ಲಿ ಪೆಟ್ರೋಲಿನ ಕೆಳಗೆ ಮಣಿಯಂಥ ನೀರಹನಿಗಳು ಕಂಡವು.

500 ಕಿಲೋಮೀಟರ್ ಮೆಲ್ಲಗೆ ಓಡಿಸಬೇಕೆಂದರು. ಮಡಿಕೇರಿ, ಮೂರ್ನಾಡು, ವಿರಾಜಪೇಟೆ, ಗೋಣಿಕೊಪ್ಪ ಎಂದು ಸುತ್ತಿದ್ದೇ ಸುತ್ತಿದ್ದು. ಅದರಲ್ಲಿ ಬರೆಯುವಂಥದ್ದೇನೂ ಇಲ್ಲ, ಪೆಟ್ರೋಲ್ ಬಿಲ್ ಬಿಟ್ಟರೆ.

ನವೆಂಬರ್ 30

ಈ ಸಲ ಪ್ಲಗ್ಗನ್ನು ಸರಿಯಾಗಿ ಓದಬೇಕೆಂದು ಕುಶಾಲನಗರದ ಕಡೆಗೆ ಇಳಿದೆ. ಸುಂಟಿಕೊಪ್ಪ ದಾಟಿದ ಮೇಲೆ ಆನೆಕಾಡಿನ ರಸ್ತೆ ನೇರವಾಗಿದೆ. ಹೆಸರೇ ಹೇಳುವಂತೆ ಅಲ್ಲಿ ಎಂಜಿನ್ ಆರಿಸಿ, ಬದಿಯಲ್ಲಿ ಕುಕ್ಕರಗಾಲಿನಲ್ಲಿ ಕುಳಿತು ಪ್ಲಗ್ ಬಿಚ್ಚುವುದು ಬುದ್ಧಿವಂತರ ಕೆಲಸವಲ್ಲ. ಒಮ್ಮೆ ಮಾಡಿದೆ, ಎರಡನೆಯ ಸಲ ಕಾಡು ಮುಗಿದ ಮೇಲೆ.

ಕ್ರಮ ಹೀಗಿತ್ತು. ಹಳೆಯ ಪ್ಲಗ್ಗಿನಲ್ಲಿ ಎಂಜಿನ್ ಕಾಯಿಸಿಕೊಂಡು ಹೋಗಿ, ಅಲ್ಲಿ ಹೊಸ ಪ್ಲಗ್ ಹಾಕಿದೆ: ಎನ್‌ಜಿಕೆ ಬಿ8ಎಚ್‌ಎಸ್, 0.6 ಮಿಲಿಮೀಟರ್ ಸಂದು, ಒಂದಕ್ಕೆ 110 ರೂಪಾಯಿ. ಮೂರನೆಯ ಗೇರಿನಲ್ಲಿ ಹಿಡಿ ಪೂರ್ತಿ ತೆರೆದು ಓಡಿಸಿ, ಹಿಡಿ ತೆರೆದಿರುವಾಗಲೇ ಕ್ಲಚ್ ಎಳೆಯುವುದೂ ಇಗ್ನಿಷನ್ ಆರಿಸುವುದೂ ಒಟ್ಟಿಗೆ. ಐಡಲಿಗೆ ಇಳಿಯಲು ಒಂದು ಕ್ಷಣವೂ ಕೊಡಬಾರದು. ಹಾಗೆಯೇ ಉರುಳಿಸಿಕೊಂಡು ಬದಿಗೆ ತಂದು ಬಿಚ್ಚಿದೆ. ನೋಡಬೇಕಾದದ್ದು ತುದಿಯ ಬಣ್ಣವಲ್ಲ, ಬಿಳಿ ಪಿಂಗಾಣಿಯ ಬುಡ, ಲೋಹದೊಳಗೆ ಹೂತಿರುವ ಜಾಗ. ಟಾರ್ಚ್ ಬೇಕು. ನನಗೆ ಟಾರ್ಚಿನಲ್ಲೂ ತೃಪ್ತಿಯಾಗದೆ, ಮನೆಗೆ ಬಂದು ಒಂದು ಪ್ಲಗ್ಗಿನ ಮರೆಯನ್ನು ಹ್ಯಾಕ್ಸಾದಿಂದ ಕೊಯ್ದು ನೋಡಿದೆ.

140ರಲ್ಲಿ ಬುಡದ ಉಂಗುರ ಅಗಲವಾಗಿ ಕಪ್ಪು. 130ರಲ್ಲಿ ತೆಳು ಕಂದು ಉಂಗುರ, ಎರಡು ಮಿಲಿಮೀಟರ್ ಅಗಲ. ಅಸಲಿ 120ನ್ನು ಹಾಕಿ ನೋಡುವ ಆಸೆ ಇತ್ತು. ಹಾಕಿದೆ ಕೂಡ, ಒಂದೇ ಓಟ. ಉಂಗುರ ಇದೆಯೋ ಇಲ್ಲವೋ ಎನ್ನುವಂತೆ ಎಳೆಯಷ್ಟು. ಗಾಡಿ 130ಕ್ಕಿಂತ ಚುರುಕಾಗಿ ಎಳೆಯಿತು ಎನ್ನುವುದನ್ನು ಒಪ್ಪಿಕೊಳ್ಳುತ್ತೇನೆ. ಮಡಿಕೇರಿಯನ್ನೇ ಬಿಟ್ಟು ಹೋಗದ ಗಾಡಿಯಾಗಿದ್ದರೆ 120 ನಡೆಯುತ್ತಿತ್ತೇನೋ. ನನ್ನದು ತಿಂಗಳಿಗೊಮ್ಮೆ ಘಾಟಿ ಇಳಿಯುವ ಗಾಡಿ. 130 ಉಳಿಸಿಕೊಂಡೆ.

ಡಿಸೆಂಬರ್ 6

ತೆರೆದ ಫಿಲ್ಟರಿನ ತಲೆನೋವು. ಮಂಜಿನಲ್ಲಿ, ತುಂತುರಿನಲ್ಲಿ ಸ್ಪಂಜು ನೆನೆದರೆ ಗಾಳಿ ಸಾಲದೆ ಗಾಡಿ ಮುಕ್ಕರಿಸುತ್ತದೆ. ಆಯಿಲ್ ಕ್ಯಾನಿನ ತಗಡು ಕತ್ತರಿಸಿ ಒಂದು ಮರೆ ಮಾಡಿದೆ. ಹಾಕಿದ ದಿನ ಬಿಸಿಲಿದ್ದರೂ ಗಾಡಿ ಮತ್ತೆ ಬಡಬಡ. ಜೆಟ್ ಬಿಚ್ಚಲು ಕೈ ಹೋಗಿತ್ತು. ಆಮೇಲೆ ತಗಡು ತೆಗೆದು ಓಡಿಸಿದೆ, ಸರಿಹೋಯಿತು. ತಗಡು ಫಿಲ್ಟರಿಗೆ ಒಂದು ಬೆರಳಷ್ಟೇ ದೂರವಿದ್ದು ಗಾಳಿಯನ್ನೇ ತಡೆಯುತ್ತಿತ್ತು. 40 ಮಿಲಿಮೀಟರ್ ದೂರಕ್ಕೆ ಸರಿಸಿ ಬೋಲ್ಟ್ ಹಾಕಿದೆ. ಮೂಲದ ಫಿಲ್ಟರ್ ಡಬ್ಬಿ ಎಲ್ಲಿಯಾದರೂ ಸಿಕ್ಕರೆ ಈ ಸ್ಪಂಜನ್ನು ಕಿತ್ತೆಸೆಯುತ್ತೇನೆ, ಮತ್ತೆ ಜೆಟ್ ಆರಿಸುವ ಕೆಲಸ ಬಂದರೂ ಚಿಂತೆಯಿಲ್ಲ.

ಡಿಸೆಂಬರ್ 13 ಮತ್ತು 14

ಸುಳ್ಯಕ್ಕೆ ಮತ್ತೆ. ಈ ಸಲ ಇಳಿಜಾರಿನಲ್ಲಿ ಪ್ರತಿ ತಿರುವಿನ ಮೊದಲು ಕ್ಲಚ್ ಹಿಡಿದು ಒಮ್ಮೆ ಹಿಡಿ ತಿರುಗಿಸಿ ಎಂಜಿನ್ನಿಗೆ ಒಂದು ಗುಟುಕು ಆಯಿಲ್ ಕೊಡುತ್ತಾ ಇಳಿದೆ. ಬ್ರೇಕ್ ಹೆಚ್ಚು ಬಳಸಿದ್ದರಿಂದ ಹಿಂದಿನ ಡ್ರಮ್ ಬಿಸಿಯಾಯಿತು, ಜೋಡುಪಾಲದಲ್ಲಿ ಹತ್ತು ನಿಮಿಷ ನಿಂತೆ. ಅರಂತೋಡಿನ ಅದೇ ರಸ್ತೆಯಲ್ಲಿ ಮುಕ್ಕಾಲು ಹಿಡಿಯಲ್ಲಿ ಎರಡು ಕಿಲೋಮೀಟರ್, ಪೂರ್ತಿಯಲ್ಲಿ ಅರ್ಧ ನಿಮಿಷ. ಕೈ ಕ್ಲಚ್ಚಿನ ಮೇಲೇ ಇತ್ತು. ಎಂಜಿನ್ ಆರಿಸಿ ಪ್ಲಗ್ ತೆಗೆದು ನೋಡಿದೆ: ಕಂದು ಉಂಗುರ ಆನೆಕಾಡಿನ ರಸ್ತೆಯಲ್ಲಿ ಕಂಡದ್ದಕ್ಕಿಂತ ಸಣ್ಣದು, ಆದರೆ ಇದೆ. ಲೆಕ್ಕ ಹೇಳಿದಂತೆಯೇ.

ಭಾವ ಗೇಟಿನಲ್ಲಿ ಕಿವಿಗೊಟ್ಟು ಕೇಳಿ, ‘ಕಲ್ಲು ತೆಗೆದೆಯಾ?’ ಎಂದರು. ಅವರ ಹತ್ತಿರ ಅದಕ್ಕಿಂತ ದೊಡ್ಡ ಹೊಗಳಿಕೆ ಸಿಗುವುದಿಲ್ಲ.

ಈಗ ಗಾಡಿಯಲ್ಲಿರುವುದು ಇಷ್ಟು: ಅಸಲಿ ಮೇನ್ ಜೆಟ್ 130, ಪೈಲಟ್ 25, ಕ್ಲಿಪ್ ಮೇಲಿನಿಂದ ಮೂರನೆಯದು, ಏರ್ ಸ್ಕ್ರೂ ಒಂದೂಮುಕ್ಕಾಲು ಸುತ್ತು, ಆಯಿಲ್ ಲೀಟರಿಗೆ 40 ಎಂಎಲ್. ಇದು ನನ್ನ ಸೈಲೆನ್ಸರಿಗೆ, ನನ್ನ ಪೋರ್ಟಿಗೆ, ನನ್ನ ಫಿಲ್ಟರಿಗೆ ಕೂತ ಲೆಕ್ಕ. ನಿಮ್ಮ ಗಾಡಿಗೆ ಇದೇ ನಂಬರ್ ಹಾಕಬೇಡಿ, ಎರಡು ಮೆಟ್ಟಿಲು ಮೇಲಿನಿಂದ ಇಳಿಯುತ್ತಾ ಬನ್ನಿ. ಖರ್ಚು: ಕಾರ್ಬುರೇಟರ್ 1,900, ಅಡಾಪ್ಟರ್ 400, ನಕಲಿ ಜೆಟ್ 300, ಅಸಲಿ ಜೆಟ್ 880, ಪೈಲಟ್‌ಗಳು 360, ಪ್ಲಗ್ ನಾಲ್ಕು 440, ಸಿರಿಂಜ್ ಮತ್ತು ಸ್ಕ್ರೂ 70, ಎಂಜಿನ್ ಕೆಲಸ 1,920, ಓಡಿಸಿ ನೋಡಿದ ಪೆಟ್ರೋಲ್ ಸುಮಾರು 1,500. ಕೂಡಿದರೆ 7,770 ರೂಪಾಯಿ. ಭಾವನ ಪಿಕಪ್ಪಿನ ಡೀಸೆಲ್ ಲೆಕ್ಕಕ್ಕೆ ಸೇರಿಲ್ಲ, ಅವರು ತೆಗೆದುಕೊಳ್ಳಲಿಲ್ಲ.

ಉಳಿದಿರುವ ಕೊರತೆಗಳು. ಚಳಿಯ ಬೆಳಗಿನಲ್ಲಿ ಮಡಿಕೇರಿಯಲ್ಲಿ ಮುಕ್ಕಾಲಿನಿಂದ ಮೇಲೆ ಸ್ವಲ್ಪ ಬಡಬಡ ಇದೆ, ಇರಲಿ. ಕಾಲು ಹಿಡಿಯ ಹತ್ತಿರ ಒಂದು ಸಣ್ಣ ತಡವರಿಕೆ, ಒಮ್ಮೆಲೇ ತೆರೆದರೆ ಅರೆಕ್ಷಣ ಗಾಡಿ ಯೋಚಿಸುತ್ತದೆ. ಸ್ಲೈಡಿನ ಮೇಲೆ ಕೊರೆತದ ಅಳತೆ 2.5 ಎಂದಿದೆ. 2.0 ಸಿಕ್ಕರೆ ಕೊರೆತ ಕಡಿಮೆಯಾಗಿ ಅಲ್ಲಿ ಪೆಟ್ರೋಲ್ ಹೆಚ್ಚುತ್ತದೆ, ಹಾಕಿ ನೋಡಬೇಕು. ಆದರೆ ಅರೇಬಿಕಾ ಕಾಫಿ ಹಣ್ಣಾಗಿ ನಿಂತಿದೆ, ನಾಳೆಯಿಂದ ಕೊಯ್ಲಿಗೆ ಆಳುಗಳು ಬರುತ್ತಾರೆ. ಟ್ಯಾಂಕಿನ ನಲ್ಲಿ ಮುಚ್ಚಿ, ಬೌಲ್ ಬರಿದು ಮಾಡಿ, ಗಾಡಿಯನ್ನು ಶೆಡ್ಡಿಗೆ ತಳ್ಳಿದ್ದೇನೆ. ಸ್ಲೈಡಿನ ಕೆಲಸ ಕೊಯ್ಲು ಮುಗಿದ ಮೇಲೆ.